ಕಾಲ ಕೆಳಗಿನ ಅಕ್ಕಿ

೫ ಜುಲೈ ೧೯೫೯, ಭಾನುವಾರ

ಇವತ್ತು ನಮ್ಮ ಹಿತ್ತಲಲ್ಲಿ ಒಂದು ದೋಣಿಗೆ ಗುದ್ದಲಿ ಪೂಜೆಯಾಯಿತು. ಜಯನಗರದಲ್ಲಿ ಮನೆಗೆ ಗುದ್ದಲಿ ಪೂಜೆ ಮಾಡುವುದು ದಿನಾ ಕಾಣುವ ಸಂಗತಿ. ದೋಣಿಗೆ ಮಾಡಿಸಿದವರು ನಾವೇ ಮೊದಲಿಗರಿರಬೇಕು. ಪುರೋಹಿತರಿಗೆ ಯಾವ ಮಂತ್ರ ಹೇಳಬೇಕೆಂದು ತಿಳಿಯದೆ ಮನೆಗೆ ಹೇಳುವುದನ್ನೇ ಹೇಳಿ, ಕಾಯಿ, ದಕ್ಷಿಣೆ ತೆಗೆದುಕೊಂಡು ಹೋದರು. ಹೋಗುವಾಗ ಬಾಗಿಲು ಯಾವ ದಿಕ್ಕಿಗೆ ಎಂದು ಕೇಳಿದರು. ನಮ್ಮ ಯಜಮಾನರು ಬಹಳ ಗಂಭೀರವಾಗಿ, ಗಾಳಿ ಬಂದ ದಿಕ್ಕಿಗೆ ಅಂದರು.

ಯಾರ ಹತ್ತಿರವೂ ಹೇಳಿಕೊಳ್ಳಲಾಗದ್ದನ್ನು ಬರೆದುಕೊಳ್ಳೋಣವೆಂದು ಈ ಪುಸ್ತಕ ತೆಗೆದಿದ್ದೇನೆ. ಇವರು ಹೋದ ಫೆಬ್ರವರಿಯಲ್ಲಿ ವಿಮಾನ ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದರು. ಡಾಕ್ಟರು ವರ್ಷಪೂರ್ತಿ ರಜ ಹಾಕಿಸಿದ್ದಾರೆ. ಭಾರ ಎತ್ತಬಾರದು, ಕೋಪ ಮಾಡಿಕೊಳ್ಳಬಾರದು, ಮನಸ್ಸಿಗೆ ಹಿತವಾದದ್ದನ್ನು ಮಾಡಿಕೊಂಡಿರಲಿ ಎಂದರು. ಬೇರೆಯವರ ಮನಸ್ಸಿಗೆ ಇಸ್ಪೀಟು ಹಿತವಾಗುತ್ತದೆ, ಗುಲಾಬಿ ಗಿಡ ಹಿತವಾಗುತ್ತದೆ. ಇವರಿಗೆ ಹಾಯಿದೋಣಿ. ಮದುವೆಗೆ ಮುಂಚೆ ಬೊಂಬಾಯಿಯ ಹಡಗುಕಟ್ಟೆಯಲ್ಲಿ ಕೆಲಸಕ್ಕಿದ್ದಾಗ ಭಾನುವಾರ ಅದನ್ನು ಓಡಿಸುತ್ತಿದ್ದರಂತೆ. ಮದುವೆಯಾದರೆ ಹುಚ್ಚು ಬಿಡುತ್ತದೆ ಅನ್ನುತ್ತಾರೆ. ಇಪ್ಪತ್ತು ವರ್ಷದ ಮೇಲಾಯಿತು, ಬಿಟ್ಟಿಲ್ಲ.

ಆಚಾರಿಗಳು ಮರದ ಕೆಲಸ ಮಾಡುತ್ತಾರೆ, ಇವರು ಕುರ್ಚಿಯ ಮೇಲೆ ಕೂತು ಹೇಳುತ್ತಾರೆ. ಮಳೆಗಾಲ ಮುಗಿದ ಮೇಲೆ ದೋಣಿಯನ್ನು ಲಾರಿಯಲ್ಲಿ ಕಾರವಾರಕ್ಕೆ ಸಾಗಿಸುವುದು. ಅಲ್ಲಿಂದ ಮಂಗಳೂರಿನವರೆಗೆ, ದಂಡೆ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ತೇಲಿಕೊಂಡು ಹೋಗುವುದು. ಸಂಜೆಯಾದರೆ ಯಾವುದಾದರೂ ಹೊಳೆ ಕಡಲು ಸೇರುವಲ್ಲಿ ಒಳಗೆ ಹೊಕ್ಕು ಲಂಗರು ಹಾಕುವುದು. ಜೊತೆಗೆ ನನ್ನ ಮೈದುನ ಸೀನು.

ನನಗೆ ಭಯ. ನಡುನೀರಿನಲ್ಲಿ ಇವರು ಮತ್ತೆ ಎದೆ ಹಿಡಿದುಕೊಂಡರೆ ಯಾರು ನೋಡುತ್ತಾರೆ? ಬೇಡ ಅಂದೆ. ಮೊದಲು ಕಟ್ಟುತ್ತೇನೆ, ಆಮೇಲೆ ನೋಡೋಣ ಅಂದರು. ಸರಿ, ನಾನೂ ಆಮೇಲೆ ನೋಡಿಕೊಳ್ಳುತ್ತೇನೆ.

೧೯ ಜುಲೈ, ಭಾನುವಾರ

ಊಟದ ಮನೆಯ ಗೋಡೆಗೆ ದೋಣಿಯ ನಕ್ಷೆ ಬಂದಿದೆ. ಅನ್ನ ಬಡಿಸಲು ಬಗ್ಗಿದರೆ ತಲೆಗೆ ತಾಗುತ್ತದೆ. ಇಪ್ಪತ್ತೊಂದು ಅಡಿ ಉದ್ದ, ಏಳು ಅಡಿ ಅಗಲ, ನೀರಿನೊಳಗೆ ಮೂರು ಅಡಿ. ಇನ್ನೂ ಆಳ ಇದ್ದರೆ ಗಾಳಿಗೆ ಗಟ್ಟಿಯಾಗಿ ನಿಲ್ಲುತ್ತದಂತೆ, ಆದರೆ ಹೊಳೆಯ ಬಾಯಲ್ಲಿ ಮರಳ ದಿಬ್ಬಕ್ಕೆ ತಗುಲಿಕೊಳ್ಳುತ್ತದಂತೆ. ಆಳ ಕಡಿಮೆಯಾದರೆ ಎಲ್ಲಿ ಬೇಕಾದರೂ ನುಗ್ಗಬಹುದು, ಆದರೆ ಮಗುಚುವ ಭಯ. ಮೂರು ಅಡಿಗೆ ಬಂದು ನಿಲ್ಲುವಷ್ಟರಲ್ಲಿ ಇವರು ಎಷ್ಟು ಹಾಳೆ ಹರಿದು ಹಾಕಿದರೋ, ಬಚ್ಚಲ ಒಲೆಗೆ ಒಂದು ವಾರ ಅದೇ ಆಯಿತು.

ಎಷ್ಟು ವೇಗ ಹೋಗುತ್ತದೆ ಎಂದು ಕೇಳಿದೆ. ದೋಣಿಯ ಎಷ್ಟು ಉದ್ದ ನೀರು ಮುಟ್ಟುತ್ತದೋ ಅದರ ಮೇಲೆ ವೇಗವಂತೆ. ಗಾಳಿ ಬಿರುಸಾದರೂ, ಹಾಯಿ ದೊಡ್ಡದು ಮಾಡಿದರೂ ಗಂಟೆಗೆ ಆರು ಮೈಲಿ ದಾಟುವುದಿಲ್ಲ. ಸೀನು ಸೈಕಲ್ಲಿನಲ್ಲಿ ಕಚೇರಿಗೆ ಇದಕ್ಕಿಂತ ಬೇಗ ಹೋಗುತ್ತಾನೆ. ಹೇಳಿದೆ. ಇವರಿಗೆ ಬೇಜಾರೇ ಆಗಲಿಲ್ಲ.

೧೧ ಆಗಸ್ಟ್, ಮಂಗಳವಾರ

ದೋಣಿಯ ಪಕ್ಕೆಲುಬುಗಳೆಲ್ಲ ನಿಂತಿವೆ. ಪಕ್ಕದ ಮನೆಯ ಪಂಕಜಾ ಕಾಂಪೌಂಡಿನ ಮೇಲೆ ಬಗ್ಗಿ, ಪ್ರಳಯ ಯಾವಾಗ ಅಂತೆ ಎಂದು ವಿಚಾರಿಸಿದಳು. ನಿಮಗೆ ಮೊದಲೇ ತಿಳಿಸುತ್ತೇವೆ ಅಂದೆ.

ಇವತ್ತು ದೋಣಿಯೊಳಗೆ ಹತ್ತಿ ನೋಡಿದೆ. ಮಲಗಲು ಎಡಕ್ಕೊಂದು ಬಲಕ್ಕೊಂದು ಹಲಗೆ, ನಡುವೆ ಓಡಾಡಲು ಒಬ್ಬರಿಗೆ ಜಾಗ. ಬಲಗಡೆಯ ಹಲಗೆ ಗಿಡ್ಡ. ಐದಡಿ ದಾಟಿದರೆ ಹೆಚ್ಚು. ಸೀನು ಆರಡಿ ಆಳು, ಕಾಲು ಮಡಚಿಕೊಂಡು ಮೊಳಕೆ ಬಂದ ಹೆಸರುಕಾಳಿನ ಹಾಗೆ ಮಲಗಬೇಕಾಗುತ್ತದೆ. ಅಳತೆ ತಪ್ಪಿದೆ ಅಂದೆ. ಇವರು ಟೇಪು ಹಿಡಿದು ನೋಡಿ, ಅಳತೆ ಸರಿಯಾಗೇ ಇದೆ ಅಂದರು. ಕಾರ್ಖಾನೆಯಲ್ಲಿ ಇವರು ಬರೆದ ವಿಮಾನಗಳಲ್ಲಿ ಕೂರುವವರ ಗತಿ ಏನೋ.

ಸಾಮಾನು ಇಡುವ ಜಾಗದ ಬಗ್ಗೆ ಮಾತಿಗೆ ಮಾತು ಬೆಳೆಯಿತು. ನೆಲದ ಹಲಗೆಯ ಕೆಳಗೆ, ದೋಣಿಯ ಹೊಟ್ಟೆಯಲ್ಲಿ ಜಾಗವಿದೆ, ಅಕ್ಕಿ, ನೀರು, ಎಲ್ಲ ಅಲ್ಲಿಗೆ ಅಂದರು. ಅನ್ನದ ಮೇಲೆ ಕಾಲಿಟ್ಟುಕೊಂಡು ಓಡಾಡುತ್ತೀರಾ ಎಂದು ಕೇಳಿದೆ. ನಮ್ಮತ್ತೆ ಅಕ್ಕಿಯ ಡಬ್ಬಿಯನ್ನು ದಾಟಿದರೂ ಕೆನ್ನೆ ಬಡಿದುಕೊಳ್ಳುತ್ತಿದ್ದರು. ಉಪ್ಪಿನಕಾಯಿ ಭರಣಿ, ಕುಡಿಯುವ ನೀರು, ದೇವರ ಪೆಟ್ಟಿಗೆ ಎಲ್ಲ ಎದೆಯ ಮಟ್ಟಕ್ಕೆ ಮೇಲಿರಬೇಕು, ಕಾಲ ಧೂಳು ಸೋಕಬಾರದು. ಇವರು, ಭಾರ ಕೆಳಗಿದ್ದರೆ ಒಳ್ಳೆಯದು ಎಂದು ಒಂದು ಸಲ ಹೇಳಿದರು. ನಾನು ಸುಮ್ಮನೆ ನೋಡಿದೆ. ಸಂಜೆಯೊಳಗೆ ಆಚಾರಿಗಳು ಎರಡು ಕಡೆಯೂ ಮೇಲೆ ಗೂಡು ಹೊಡೆದರು.

೧೩ ಸೆಪ್ಟೆಂಬರ್, ಭಾನುವಾರ

ನಾನು ಹಾಯಿ ಹೊಲಿಯುವುದಿಲ್ಲ ಎಂದು ಖಂಡಿತ ಹೇಳಿದ್ದೆ. ಆಮೇಲೆ ಬಟ್ಟೆ ಬಂತು. ದರ್ಜಿಯೊಬ್ಬ ಬಂದು ಅದನ್ನು ಶಾಮಿಯಾನದ ಹಾಗೆ ಚೌಕವಾಗಿ ಕತ್ತರಿಸಲು ಹೊರಟ. ನೋಡಿಕೊಂಡಿರಲಾಗಲಿಲ್ಲ, ಕತ್ತರಿ ಕಿತ್ತುಕೊಂಡೆ.

ಹಾಯಿ ಚಪ್ಪಟೆಯಾಗಿದ್ದರೆ ಪ್ರಯೋಜನವಿಲ್ಲ. ನಡುವೆ ಸ್ವಲ್ಪ ಹೊಟ್ಟೆ ಇರಬೇಕು, ಅದಕ್ಕೆ ಪಟ್ಟಿಗಳ ಅಂಚನ್ನು ಬಿಲ್ಲಿನ ಹಾಗೆ ಕೊರೆದು ಜೋಡಿಸಬೇಕು. ಕುಪ್ಪಸಕ್ಕೆ ತೋಳು ಕೂರಿಸುವುದೂ ಇದೇ ಲೆಕ್ಕ. ಇವರು ಅರ್ಧ ಗಂಟೆ ವಿವರಿಸಿದ್ದನ್ನು ನಾನು ಒಂದು ಸೂಜಿ ಚುಚ್ಚಿ ತೋರಿಸಿದೆ. ಹಾಯಿ ಕಟ್ಟುವ ಕಂಬದ ಹಿಂದೆ ಒಂದು ದೊಡ್ಡ ಹಾಯಿ, ಮುಂದೆ ಒಂದು ಚಿಕ್ಕದು. ಎದುರುಗಾಳಿಗೆ ನೇರ ಹೋಗಲಾಗುವುದಿಲ್ಲವಂತೆ. ಅತ್ತ ಒಂದಿಷ್ಟು ಓರೆಯಾಗಿ, ಇತ್ತ ಒಂದಿಷ್ಟು ಓರೆಯಾಗಿ ಹೋಗಿ ಮುಟ್ಟಬೇಕು. ನಮ್ಮತ್ತೆಯ ಹತ್ತಿರ ನಾನು ಕೆಲಸ ಸಾಧಿಸುತ್ತಿದ್ದುದೂ ಹೀಗೇ.

ಗಾಳಿ ಜೋರಾದಾಗ ಹಾಯಿಯನ್ನು ಕೆಳಗಿನಿಂದ ಮಡಿಸಿ ಕಟ್ಟಿ ಚಿಕ್ಕದು ಮಾಡಲು ಲಾಡಿಗಳ ಸಾಲು ಬೇಕು. ಇವರು ಎರಡು ಸಾಲು ಅಂದಿದ್ದರು. ನಾನು ಮೂರು ಹಾಕಿದೆ.

೪ ಅಕ್ಟೋಬರ್, ಭಾನುವಾರ

ಬಣ್ಣ ಬಳಿದಾಯಿತು. ಸುರಹೊನ್ನೆ ಮರದ ಕಂಬ ಬಂದಿದೆ. ದೋಣಿಯ ತಳಕ್ಕೆ ಎರಕದ ಕಬ್ಬಿಣದ ದಪ್ಪ ರೆಕ್ಕೆ ಕೂರಿಸಿದ್ದಾರೆ, ಅದೊಂದೇ ಒಂಬೈನೂರು ಪೌಂಡು. ಸೀನು ರಜಕ್ಕೆ ಅರ್ಜಿ ಹಾಕಿದ್ದಾನೆ. ಇನ್ನು ಸುಮ್ಮನಿದ್ದರೆ ಆಗದು ಎಂದು ಊಟ ಮುಗಿದ ಮೇಲೆ ನನ್ನ ಮಾತು ಹೇಳಿದೆ.

ಈ ದೋಣಿ ಮೊದಲು ಸುಲಭವಾಗಿ ವಾಲುತ್ತದೆ, ಆಮೇಲೆ ಬಿಗಿಯುತ್ತದೆ, ಪೂರ್ತಿ ಮಲಗಿಸಿದರೂ ಅಡಿಯ ಕಬ್ಬಿಣ ಎಳೆದು ತಾನೇ ಏಳುತ್ತದೆ ಎಂದು ಇವರು ಬಂದವರಿಗೆಲ್ಲ ಹೇಳುತ್ತಿದ್ದಾರೆ.

"ಏಳತ್ತೆ ಅಂತ ಬಾಯಲ್ಲಿ ಹೇಳಿದ್ರೆ ಸಾಲದು. ನನ್ನ ಕಣ್ಣೆದುರಿಗೆ ಮಲಗಿಸಿ, ಎದ್ರೆ ಹೋಗಿ. ಏಳದಿದ್ರೆ ಈ ಮಾತು ಇಲ್ಲಿಗೆ ಬಿಡಬೇಕು," ಅಂದೆ.

"ಆಯ್ತು," ಅಂದರು.

"ಖಾಲಿ ದೋಣಿ ಅಲ್ಲ. ಹೋಗೋವಾಗ ಹೇಗಿರತ್ತೋ ಹಾಗೇ, ಸಾಮಾನೆಲ್ಲ ತುಂಬಿ."

ಇವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಅದಕ್ಕೂ ಆಯ್ತು ಅಂದರು.

೧೮ ಅಕ್ಟೋಬರ್, ಭಾನುವಾರ

ಈಗ ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಹಿತ್ತಲ ಗೋಡೆ ಒಡೆದು ದೋಣಿಯನ್ನು ಲಾರಿಗೆ ಹತ್ತಿಸಿ ಪುಟ್ಟೇನಹಳ್ಳಿಗೆ ಒಯ್ದೆವು. ಮಳೆ ಚೆನ್ನಾಗಿ ಆಗಿ ಕೆರೆ ತುಂಬಿದೆ. ಅಲ್ಲಿ ಕೆರೆಯ ಕೆಳಗೆ ಗದ್ದೆ ಇರುವ ತಿಮ್ಮರಾಯಪ್ಪ ಇವರಿಗೆ ಪರಿಚಯ. ಇಳಿಜಾರಿನಲ್ಲಿ ಬಾಳೆದಿಂಡು ಹಾಸಿ, ಎರಡು ಜೊತೆ ಎತ್ತು ಕಟ್ಟಿ, ಜಾರಿಸಿ ನೀರಿಗೆ ಬಿಟ್ಟ. ತೇಲಿತು. ಬಿಳಿ ದೋಣಿ, ನಾನು ಹೊಲಿದ ಹಾಯಿ. ಚಂದವಾಗಿತ್ತು, ಸುಳ್ಳೇಕೆ ಹೇಳಲಿ.

ಎಲ್ಲವನ್ನೂ ನಾನೇ ಜೋಡಿಸಿದೆ. ಮುಚ್ಚಳ ಬಿಗಿದ ಹಾಲಿನ ಕ್ಯಾನುಗಳಲ್ಲಿ ನೀರು, ಅಕ್ಕಿ, ಬೇಳೆ, ಸೀಮೆಎಣ್ಣೆ ಡಬ್ಬ, ಭರಣಿಗಳು, ದೇವರ ಪೆಟ್ಟಿಗೆ. ಒಂದೂ ಉರುಳದ ಹಾಗೆ ಮೇಲಿನ ಗೂಡುಗಳಲ್ಲಿ ಹಗ್ಗ ಬಿಗಿದೆ. ಹೆಚ್ಚುಕಡಿಮೆ ಇಬ್ಬರು ಆಳಿನ ತೂಕ. ಬಾಗಿಲು ಮುಚ್ಚಿ, ಕಂಬದ ತುದಿಗೆ ಹಗ್ಗ ಕಟ್ಟಿ ಏರಿಯ ಮೇಲಿನಿಂದ ಸೀನು ಮತ್ತು ಊರಿನವರು ಎಳೆದರು. ಕಂಬ ಬಗ್ಗಿ ಬಗ್ಗಿ ನೀರು ಮುಟ್ಟಿತು. ಇವರು ಕೈ ಎತ್ತಿ, ಬಿಡಿ ಅಂದರು.

ಬಿಟ್ಟರು. ದೋಣಿ ಏಳಲಿಲ್ಲ. ಪಕ್ಕಕ್ಕೆ ಒರಗಿ ಹಾಗೇ ಬಿದ್ದುಕೊಂಡಿತು. ನಾವೆಲ್ಲ ಕಾದೆವು. ಅಡಿಯ ಕಬ್ಬಿಣ ನೀರಿನಿಂದ ಹೊರಗೆ ಕಾಣುತ್ತಿತ್ತು.

"ಎಮ್ಮೆ ಮನಿಕಂಡಂಗೆ ಮನಿಕಂಬುಡ್ತಲ್ಲಾ ಸ್ವಾಮಿ," ಎಂದ ತಿಮ್ಮರಾಯಪ್ಪ, ಕೆಟ್ಟ ಮನಸ್ಸಿನಿಂದಲ್ಲ.

ಆ ಕಡೆಯಿಂದ ಹಗ್ಗ ಹಾಕಿ ಎಳೆದು ನಿಲ್ಲಿಸಬೇಕಾಯಿತು. ಸಾಮಾನು ಇಳಿಸಿ, ಏರಿಯ ಬುಡದಲ್ಲಿ ಕಟ್ಟಿ ಹಾಕಿ ಬಂದೆವು. ಮನೆಗೆ ಬಂದು ಇವರು ಕೈಕಾಲು ತೊಳೆದು, ಗೋಡೆಯ ನಕ್ಷೆಯನ್ನು ಬಿಚ್ಚಿ ಸುತ್ತಿ ಬೀರುವಿನ ಮೇಲಿಟ್ಟರು. ಕೊಟ್ಟ ಮಾತು ಮಾತೇ.

ಒಳ್ಳೆಯದಾಯಿತು. ದೇವರು ದೊಡ್ಡವನು.

೨೧ ಅಕ್ಟೋಬರ್, ಬುಧವಾರ

ಕಣ್ಣು ತುಂಬ ನಿದ್ದೆ ಬಂತು. ಹಿತ್ತಲ ಗೋಡೆ ಕಟ್ಟಿಸಬೇಕು.

೨೫ ಅಕ್ಟೋಬರ್, ಭಾನುವಾರ

ಇವರು ಮಧ್ಯಾಹ್ನವೆಲ್ಲ ಮಲಗುತ್ತಾರೆ. ತೂಕಡಿಕೆಯೂ ಅಲ್ಲ, ನಿದ್ದೆಯೂ ಅಲ್ಲ. ಕಾಫಿ ಕೊಟ್ಟರೆ ಕುಡಿಯುತ್ತಾರೆ, ಕೊಡದಿದ್ದರೆ ಕೇಳುವುದಿಲ್ಲ. ಗುಲಾಬಿ ಗಿಡ ತರೋಣವೇ ಅಂದೆ. ತರೋಣ ಅಂದರು.

ಪಂಕಜಾ ಬಂದು, ನಿಮ್ಮ ದೋಣಿ ಮುಳುಗಿತಂತಲ್ಲ ಎಂದಳು. ಮುಳುಗಲಿಲ್ಲ, ವಾಲಿತು ಅಷ್ಟೇ, ಮುಳುಗುವುದಕ್ಕೂ ವಾಲುವುದಕ್ಕೂ ಬೇಕಾದಷ್ಟು ವ್ಯತ್ಯಾಸವಿದೆ ಎಂದು ಹೇಳಿ ಕಳಿಸಿದೆ. ಒಂದು ಹನಿ ನೀರು ಒಳಗೆ ಬಂದಿರಲಿಲ್ಲ. ಅದನ್ನು ಯಾರೂ ಹೇಳುವುದಿಲ್ಲ.

ಅಕ್ಟೋಬರ್, ನೀರು ತುಂಬುವ ಹಬ್ಬ

ನಾಳೆ ಬೆಳಿಗ್ಗೆ ಎಣ್ಣೆಸ್ನಾನ. ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಸುಣ್ಣ ಕೆಮ್ಮಣ್ಣು ಬರೆದು, ಸಂಜೆ ನೀರು ತುಂಬಿದೆ. ಖಾಲಿ ಚೊಂಬು ಕೈ ಜಾರಿ ಹಂಡೆಯೊಳಗೆ ಬಿತ್ತು. ಒಂದಿಷ್ಟು ನೀರು ಕುಡಿದು, ನೆಟ್ಟಗೆ ನಿಂತು ತೇಲತೊಡಗಿತು. ಬೆರಳಿನಿಂದ ಒತ್ತಿ ವಾಲಿಸಿದೆ. ಬಿಟ್ಟ ಕೂಡಲೇ ಎದ್ದು ನಿಂತಿತು. ಎಷ್ಟು ಸಲ ಮಾಡಿದರೂ ಎದ್ದಿತು. ಆಮೇಲೆ ಸೀಗೆಪುಡಿಯ ಬಟ್ಟಲನ್ನು ಚೊಂಬಿನ ಬಾಯ ಮೇಲೆ ಇಟ್ಟು ಅದೇ ರೀತಿ ಒತ್ತಿದೆ. ಮಗುಚಿ ಹೋಯಿತು. ಸೀಗೆಪುಡಿಯೆಲ್ಲ ನೀರುಪಾಲು.

ಬಚ್ಚಲಲ್ಲೇ ಕೂತೆ. ಬಟ್ಟಲು ಇಟ್ಟವಳು ನಾನು. ಕೆರೆಯಲ್ಲಿ ಇಟ್ಟವಳೂ ನಾನೇ. ಇಬ್ಬರು ಆಳಿನ ತೂಕವನ್ನು ದೋಣಿಯ ಹೆಗಲ ಮೇಲೆ ಕೂರಿಸಿ, ಈಗ ಏಳು ನೋಡೋಣ ಅಂದರೆ ಹೇಗೆ ಎದ್ದೀತು?

ಸುಮ್ಮನಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಇವರು ಮನೆಯಲ್ಲೇ ಇರುತ್ತಾರೆ, ನನಗೆ ಬೇಕಾದದ್ದೂ ಅದೇ. ಅಷ್ಟು ಯೋಚನೆ ಮಾಡಿದೆ ಎಂದು ಬರೆದುಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಆದರೆ ಒದ್ದೆ ಕೈಯಲ್ಲೇ ಎದ್ದು ಹೋದೆ. ಇವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಆ ಗೋಡೆಯ ಮೇಲೆ ಈಗ ನಕ್ಷೆಯೂ ಇಲ್ಲ, ಮೊಳೆ ಮಾತ್ರ ಇದೆ.

"ಗೂಡಿನಲ್ಲಿ ಸಾಮಾನು ಇಟ್ಟಿದ್ದಕ್ಕೆ ಅಲ್ವಾ ಅದು ಏಳದಿದ್ದದ್ದು?" ಎಂದು ಕೇಳಿದೆ.

"ಹೂಂ."

"ನಿಮಗೆ ಗೊತ್ತಿತ್ತಾ?"

"ಲೆಕ್ಕ ಹಾಕಿದ್ದೆ. ಏಳೋದು ಕಷ್ಟ ಅಂತ ಬಂತು."

"ಮತ್ತೆ ಯಾಕೆ ಹೇಳಲಿಲ್ಲ?"

ಇವರು ಎದ್ದು ಕೂತರು. "ಹೇಳಿದ್ರೆ ನೀನು ಒಪ್ತಿದ್ದೆ, ಉಮಾ. ನಾನು ಬದುಕಿ ಬರ್ಲಿ ಅಂತ ಒಪ್ತಿದ್ದೆ. ನಿನ್ನ ಮನಸ್ಸಿಗೆ ಆಗದೇ ಇರೋದನ್ನ ಕಾಲ ಕೆಳಗೆ ಹಾಕ್ಕೊಂಡು ನಾನು ಸುಖವಾಗಿ ತೇಲ್ಕೊಂಡು ಹೋಗ್ಲಾ?"

ಏನು ಮನುಷ್ಯರೋ ಇವರು. ನನಗೆ ಅಳು ಬಂತು. ಕೋಪಕ್ಕೆ ಬಂದದ್ದು. ಸೀಗೆಪುಡಿ ಬೇರೆ ಹೋಗಿತ್ತು, ಹಬ್ಬದ ದಿನ ಪಂಕಜಾಳ ಮನೆಗೆ ಹೋಗಿ ಕೇಳಿ ತಂದೆ.

೮ ನವೆಂಬರ್, ಭಾನುವಾರ

ಮತ್ತೆ ಪುಟ್ಟೇನಹಳ್ಳಿ. ಇವರು, ಮಾತು ಮುಗಿದಿದೆ, ಒಂದು ಸಲ ಅಂದಿದ್ದೆವು ಎಂದು ಹಠ ಹಿಡಿದರು. ಮಾತು ತೆಗೆದುಕೊಂಡವಳು ನಾನು, ಇನ್ನೊಂದು ಸಲ ನೋಡಬೇಕು ಎನ್ನುವವಳೂ ನಾನೇ, ನಡೆಯಿರಿ ಅಂದೆ.

ನೆಲದ ಹಲಗೆ ಎತ್ತಿಸಿದೆ. ತೊಳೆದು, ಅರಿಶಿನದ ನೀರು ಚಿಮುಕಿಸಿ, ದೋಣಿಯ ಹೊಟ್ಟೆಗೆ ಅಕ್ಕಿ, ಬೇಳೆ, ನೀರಿನ ಕ್ಯಾನು, ಎಣ್ಣೆ ಡಬ್ಬ ಎಲ್ಲ ಇಳಿಸಿದೆ. ಮೇಲೆ ಹಲಗೆ ಮುಚ್ಚುವಾಗ ಅತ್ತೆಯವರನ್ನು ನೆನೆದು ಕೈ ಮುಗಿದೆ. ಅಮ್ಮಾ, ನೀವು ಕಡಲು ನೋಡಿದವರಲ್ಲ. ನೆಲದ ಮೇಲೆ ಅನ್ನ ತಲೆಯ ಮೇಲಿರಬೇಕು, ನೀರಿನ ಮೇಲೆ ಅನ್ನವೇ ನಮ್ಮನ್ನು ಹೊರಬೇಕು, ಕ್ಷಮಿಸಿ ಅಂದೆ. ಹಲಗೆಯ ಮೇಲೆ ಮೊದಲು ಕಾಲಿಟ್ಟವಳು ನಾನೇ. ಬೇರೆಯವರು ಇಟ್ಟರೆ ಸರಿಹೋಗುತ್ತಿರಲಿಲ್ಲ. ದೇವರ ಪೆಟ್ಟಿಗೆ ಮಾತ್ರ ಮೇಲೇ ಇರಲಿ ಎಂದು ಬಿಟ್ಟೆ. ಹಿತ್ತಾಳೆ ದೀಪ, ಗಂಟೆ ತೆಗೆದು ಒಂದು ಪಟವಷ್ಟೇ ಇಟ್ಟರೆ ಅದಕ್ಕೇನು ಭಾರ?

ಎಳೆದರು. ಕಂಬ ನೀರು ಮುಟ್ಟಿತು. ಇವರು ಕೈ ಎತ್ತಲಿಲ್ಲ, ನನ್ನ ಕಡೆ ನೋಡಿದರು. ನಾನೇ ಹೇಳಿದೆ, "ಬಿಡ್ರಪ್ಪಾ."

ಒಂದು ಕ್ಷಣ ಏನೂ ಆಗಲಿಲ್ಲ. ಆ ಕ್ಷಣದಲ್ಲಿ ನಾನು ಏಳು, ಏಳು ಎಂದು ಬಾಯಿಬಿಟ್ಟು ಅಂದೆನಂತೆ, ಸೀನು ಆಮೇಲೆ ಹೇಳಿ ನಗುತ್ತಿದ್ದ. ಕಂಬ ನೀರು ಸುರಿಸಿಕೊಂಡು ಮೇಲೆ ಬಂತು. ಮೊದಲು ನಿಧಾನ, ಆಮೇಲೆ ಬೇಗ. ನೆಟ್ಟಗೆ ನಿಂತು, ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತೂಗಿ ಸುಮ್ಮನಾಯಿತು. ಏರಿಯ ಮೇಲಿದ್ದವರೆಲ್ಲ ಸಿಳ್ಳೆ ಹಾಕಿದರು. ಅವರು ಇನ್ನೆರಡು ಸಲ ಮಲಗಿಸಿದರು. ಎರಡು ಸಲವೂ ಎದ್ದಿತು.

ಆಮೇಲೆ ಹಾಯಿ ಏರಿಸಿ ಇವರು ಕೆರೆಯಲ್ಲಿ ಒಂದು ಸುತ್ತು ಹೊರಟರು. ಸೀನು ಹಗ್ಗ ಸುತ್ತುತ್ತಿದ್ದ, ಇವರು ನನ್ನ ಕಡೆ ಕೈ ಚಾಚಿದರು. ನಾನು ಹಿಂದೆಮುಂದೆ ನೋಡುವಾಗ ತಿಮ್ಮರಾಯಪ್ಪನ ಹೆಂಡತಿ ಮುನಿಲಕ್ಷ್ಮಮ್ಮ ನನ್ನ ಬೆನ್ನಿಗೆ ಕೈ ಹಾಕಿ, "ಹೋಗವ್ವಾ. ಊರಿಗೆ ಬಂದೋಳು ನೀರಿಗೆ ಬರ್ದೇ ಇರ್ತಾಳಾ," ಎಂದು ದೂಡಿಯೇ ಬಿಟ್ಟಳು.

ಗಾಳಿ ಹಿಡಿದಾಗ ದೋಣಿ ವಾಲಿತು. ವಾಲಿ ಅಲ್ಲೇ ನಿಂತಿತು, ಗಟ್ಟಿಯಾಗಿ, ಒರಗುಕುರ್ಚಿಯ ಹಾಗೆ. ಚುಕ್ಕಾಣಿ ನನ್ನ ಕೈಗೆ ಕೊಟ್ಟರು. ಬಿಗಿ ಹಿಡಿದರೆ ಅದು ನಮ್ಮ ಜೊತೆ ಜಗಳಕ್ಕೆ ಬರುತ್ತದೆ, ಸಡಿಲ ಹಿಡಿದರೆ ಹೇಳಿದ ಹಾಗೆ ಕೇಳುತ್ತದೆ. ದೊಡ್ಡ ಹಾಯಿಯ ಮೂರನೆಯ ಪಟ್ಟಿಯಲ್ಲಿ ಒಂದು ನೆರಿಗೆ ಕಂಡಿತು. ಬಿಚ್ಚಿ ಸರಿಮಾಡಬೇಕು.

೨೨ ನವೆಂಬರ್, ಭಾನುವಾರ

ಬುಧವಾರ ಲಾರಿ ಪುಟ್ಟೇನಹಳ್ಳಿಯಿಂದಲೇ ಕಾರವಾರಕ್ಕೆ ಹೊರಡುತ್ತದೆ. ನೆರಿಗೆ ಸರಿಹೋಯಿತು. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಕಾರ್ಖಾನೆಗಿಂತ ಇದೇ ವಾಸಿ, ಮಾತ್ರೆ ಮಾತ್ರ ತಪ್ಪಿಸಬೇಡಿ ಅಂದರು.

ಮಾತ್ರೆಯ ವಿಷಯದಲ್ಲಿ ಸೀನುವನ್ನು ನಂಬುವ ಹಾಗಿಲ್ಲ. ಅವನಿಗೆ ರಜ ಸಿಕ್ಕಿದೆ ನಿಜ, ಆದರೆ ಯೋಚಿಸಿ ನೋಡಿದರೆ ಅವನಿಂದ ಉಪಯೋಗ ಕಡಿಮೆ. ಅನ್ನ ಮಾಡಲು ಬರುವುದಿಲ್ಲ. ಬಸ್ಸಿನಲ್ಲಿ ಕನಕಪುರಕ್ಕೆ ಹೋದರೆ ದಾರಿಯಲ್ಲಿ ವಾಂತಿ. ಪೆಟ್ಟಿಗೆಯಲ್ಲಿ ದೇವರಿದ್ದಾನೆ ಅಂದ ಮೇಲೆ ದಿನಾ ಒಂದು ದೀಪ ಹಚ್ಚುವವರು ಬೇಕು. ಹಾಯಿಯ ಹೊಲಿಗೆ ಬಿಚ್ಚಿಕೊಂಡರೆ ಸೂಜಿಗೆ ದಾರ ಪೋಣಿಸಲೂ ಅವನಿಗೆ ತಿಳಿಯದು. ಅಲ್ಲದೆ ಆ ಗಿಡ್ಡ ಹಲಗೆಯ ಮೇಲೆ ಅವನನ್ನು ಮಂಗಳೂರಿನವರೆಗೆ ಮಡಚಿಕೊಂಡು ಹೋಗುವುದು ಪಾಪ, ನನಗಾದರೆ ಅದು ಅಳತೆಗೆ ಸರಿಯಾಗಿದೆ. ಅವನಿಗೆ ಹೇಳಿದೆ. ಅವನು ಬಹಳ ಬೇಗ ಒಪ್ಪಿದ, ನಗುನಗುತ್ತಾ.

ಸಂಜೆ ಇವರು ನಕ್ಷೆಯನ್ನು ಮತ್ತೆ ಗೋಡೆಗೆ ಹಾಕಿ ಏನೋ ಗುರುತು ಮಾಡುತ್ತಿದ್ದರು. ಅಡಿಗೆಮನೆಯ ಬಾಗಿಲಲ್ಲಿ ನಿಂತು ವಿಷಯ ತಿಳಿಸಿದೆ. ಪೂಜೆಗೆ, ಮಾತ್ರೆಗೆ ಒಬ್ಬರು ಬೇಕಲ್ಲ, ಹಾಗಾಗಿ ನಾನೇ ಬರುವುದು ಅನಿವಾರ್ಯವಾಗಿದೆ ಅಂದೆ. ಇವರು ಸರಿ ಅಂದರು, ಆಶ್ಚರ್ಯವನ್ನೇನೂ ಪಡಲಿಲ್ಲ.

"ಹಾಗಾದ್ರೆ ಇನ್ನೊಂದು ಸಲ ಲೆಕ್ಕ ನೋಡ್ಬಿಡಿ. ಸೀನು ತೂಕ ತೆಗೆದು ನನ್ನದು ಹಾಕಿ," ಅಂದೆ.

ಇವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ನನ್ನ ಕಡೆ ತಿರುಗಿದರು.

"ಸೀನಂದು ನಾನು ಯಾವತ್ತು ಹಾಕಿದ್ದೆ?"